ಗಿರಿಯಪ್ಪನ ಬಾಗಿಲು

ನನ್ನ ಗಂಡ ಗಿರಿಯಪ್ಪ ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಯೇ ಇರುತ್ತಿತ್ತು. ಗಂಜಿ ಮುಗಿಯುವ ಮೊದಲೇ ಕಣ್ಣು ಹೊರಗೆ. ಮದುವೆಯಾದ ಹೊಸತರಲ್ಲಿ ಎಂತ ನೋಡುತ್ತಾರೆ ಎಂದು ನಾನೂ ತಿರುಗಿ ನೋಡುತ್ತಿದ್ದೆ. ಕಡಲು. ಮತ್ತೆಂತದೂ ಇಲ್ಲ.

ನಮ್ಮದು ಬೆಂಗ್ರೆ. ಪಡುವಕ್ಕೆ ಕಡಲು, ಮೂಡಕ್ಕೆ ಹೊಳೆ, ನಡುವೆ ಒಂದು ಪಟ್ಟಿ ಹೊಯ್ಗೆ, ಬರೀ ಮರಳು. ಆ ಹೊಯ್ಗೆಯ ಮೇಲೆ ನಾವು. ಹೊಳೆಯ ಆಚೆ ಮಂಗಳೂರಿನ ಬಂದರು. ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಮೀನು ತುಂಬಿದ ಕುಕ್ಕೆ ತಲೆಯ ಮೇಲೆ ಹೊತ್ತು ಕಡವಿನ ದೋಣಿಯಲ್ಲಿ ಹೊಳೆ ದಾಟುತ್ತೇವೆ. ನಾನು ಮೀನು ಕೊಡುವ ಮನೆಗಳು ಪೇಟೆಯ ಫಳ್ನೀರಿನಲ್ಲಿ. ಹೋಗುವಾಗ ತಲೆ ಭಾರ, ಬರುವಾಗ ಕಾಲು ಭಾರ.

ಅವರು ರಂಪಣಿಯ ತಂಡೇಲರಾಗಿದ್ದರು. ರಂಪಣಿ ಎಂದರೆ ದೊಡ್ಡ ಬಲೆ. ಒಂದೊಂದು ಮನೆಯ ಒಂದೊಂದು ತುಂಡು ಸೇರಿಸಿ ಮಾಡಿದ ಬಲೆ. ದೋಣಿ ಕಡಲಲ್ಲಿ ಸುತ್ತು ಹಾಕಿ ಬಲೆ ಬಿಡುತ್ತದೆ, ಎರಡು ತುದಿಯ ಹಗ್ಗ ಹಿಡಿದು ಊರೆಲ್ಲ ದಡಕ್ಕೆ ಎಳೆಯುತ್ತದೆ. ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವನು ತಂಡೇಲ. ಅವನ ಮಾತಿಗೆ ಎದುರು ಮಾತಿಲ್ಲ. ಅದೇ ಕೆಟ್ಟದಾಯಿತು.

ನಮ್ಮ ಮನೆಗಳ ಎದುರಿಗೆ, ಕಡಲ ಬದಿಯಲ್ಲಿ, ಉದ್ದಕ್ಕೂ ಒಂದು ಹೊಯ್ಗೆ ದಿಬ್ಬ ಇತ್ತು. ಆಳಿಗಿಂತ ಎತ್ತರ. ಮೇಲೆ ಬಂಗಡೆ ಬಳ್ಳಿ ಹಬ್ಬಿತ್ತು, ಕೇದಗೆಯ ಹಿಂಡು ಇತ್ತು. ದೋಣಿಯನ್ನು ಮನೆಯ ಹತ್ತಿರ ತರಬೇಕಾದರೆ ದಿಬ್ಬದ ಬಡಗಣ ತುದಿಗೆ ಸುತ್ತಬೇಕು. ಗಂಡಸರ ಹೆಗಲು ಹುಣ್ಣಾಗುತ್ತಿತ್ತು. ಹೊಸ ದೊಡ್ಡ ದೋಣಿ ಎರಡು ಬಂದ ವರ್ಷ ಇವರು ಹೇಳಿದರು, ದಿಬ್ಬ ಕಡಿಯುವ, ದೋಣಿಗೆ ದಾರಿ ಮಾಡುವ ಎಂದು.

ಒಬ್ಬರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಮಳೆಗಾಲದಲ್ಲಿ ಕಡಲು ದಡದ ಹೊಯ್ಗೆ ಕೊಂಡು ಹೋಗುತ್ತದೆ. ಆಟಿ ತಿಂಗಳು ಕಳೆದ ಮೇಲೆ ತಾನೇ ತಂದು ಹಾಕುತ್ತದೆ. ಹುಟ್ಟಿದಂದಿನಿಂದ ನಾವು ಕಂಡದ್ದು ಅದು. ಕಡಿದ ಹೊಯ್ಗೆಯನ್ನೂ ಹಾಗೆಯೇ ತಂದು ಹಾಕುತ್ತದೆ ಎಂದುಕೊಂಡೆವು. ಸಾವಿರದ ಒಂಬೈನೂರ ಇಪ್ಪತ್ತಮೂರನೇ ಇಸವಿಯ ದೊಡ್ಡ ಬೊಳ್ಳ, ಆ ನೆರೆ, ಬಂದಾಗ ನೀರು ಬಂದದ್ದು ಹೊಳೆಯ ಕಡೆಯಿಂದ. ಅಂದಿನಿಂದ ನಮಗೆ ಹೊಳೆಯ ಮೇಲೆ ಅನುಮಾನ. ಕಡಲಿನ ಮೇಲೆ ಅನುಮಾನ ಇರಲಿಲ್ಲ.

ದಡದ ಹೊಯ್ಗೆ ಬೇರೆ, ದಿಬ್ಬದ ಹೊಯ್ಗೆ ಬೇರೆ. ದಿಬ್ಬ ಕಟ್ಟಿದ್ದು ಕಡಲಲ್ಲ, ಗಾಳಿ. ಹಿಡಿದುಕೊಂಡದ್ದು ಬಳ್ಳಿ. ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದಿಂದ ಹಿಡಿದುಕೊಂಡದ್ದು. ನಾವು ನಾಲ್ಕು ದಿನದಲ್ಲಿ ಕಡಿದೆವು. ಬಳ್ಳಿಯನ್ನು ನಾನೇ ಎಳೆದೆಳೆದು ರಾಶಿ ಹಾಕಿದೆ. ಬೇರು ಬಲು ಗಟ್ಟಿ ಇತ್ತು.

ಮೂರು ವರ್ಷ ಏನೂ ಆಗಲಿಲ್ಲ. ನಾಲ್ಕನೆಯ ವರ್ಷ, ಜರ್ಮನಿಯ ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು, ಕಾರ್ತೆಲಿನಲ್ಲಿ, ಮಳೆ ಜೋರು ಹಿಡಿಯುವ ತಿಂಗಳಲ್ಲಿ, ಗಾಳಿ ಎದ್ದಿತು. ಎರಡು ಹಗಲು ಬಿಡದೆ ಬೀಸಿತು. ಮೂರನೆಯ ದಿನ ಬೆಳಿಗ್ಗೆ ನಾನು ಒಲೆ ಊದುತ್ತಿದ್ದೆ. ಒಲೆಯೊಳಗೆ ನೀರು ಬಂತು. ಬಾಗಿಲಿಗೆ ಬಂದು ನೋಡಿದರೆ ಕಡಲು ನಾವು ಕಡಿದ ದಾರಿಯಲ್ಲಿ ನಡೆದುಕೊಂಡು ಬರುತ್ತಿತ್ತು. ಬೇರೆ ಎಲ್ಲಿಯೂ ಇಲ್ಲ, ಅಲ್ಲಿ ಮಾತ್ರ. ನಾವು ದೋಣಿ ಎಳೆದ ಹಾಗೆಯೇ ಬಂತು, ನೇರ.

ಏಳು ಮನೆ ಬಿತ್ತು. ಹೊಸ ದೋಣಿಗಳೆರಡೂ ಒಂದಕ್ಕೊಂದು ಬಡಿದು ಸೀಳಿದವು. ಎಲ್ಲ ಬಾವಿಗಳಿಗೂ ಉಪ್ಪು ನುಗ್ಗಿತು. ನೆರೆಮನೆಯ ಅಪ್ಪಿಯಕ್ಕನ ಗಂಡ ವಾತ ಬಡಿದು ಮಂಚ ಹಿಡಿದಿದ್ದರು. ಇವರು ಎಲ್ಲ ಬಿಟ್ಟು ಅಲ್ಲಿಗೆ ಓಡಿದರು. ಮಂಚ ಮಾತ್ರ ಸಿಕ್ಕಿತು.

ಅಪ್ಪಿಯಕ್ಕ ಅಳಲಿಲ್ಲ. ಗಂಡನ ಉತ್ತರಕ್ರಿಯೆ, ಬೊಜ್ಜ, ಮುಗಿದ ದಿನ ಅಂಗಳದಲ್ಲಿ ನಿಂತು ದಿಬ್ಬದ ಕಡೆ ಕೈ ತೋರಿಸಿ ಹೇಳಿದಳು, "ನೋಡಿ, ಗಿರಿಯಪ್ಪನ ಬಾಗಿಲು. ಹಗಲೂ ರಾತ್ರಿ ತೆರೆದೇ ಉಂಟು. ಯಾರು ಬೇಕಾದರೂ ಬರಬಹುದು."

ಆ ಹೆಸರು ನಿಂತಿತು. ಮಕ್ಕಳೂ ಹೇಳಿದರು. "ಎಲ್ಲಿಗೆ ಹೋಗ್ತೀಯಾ?" "ಗಿರಿಯಪ್ಪನ ಬಾಗಿಲಿಗೆ." ಇವರಿಗೆ ಕೇಳುತ್ತಿತ್ತು. ಎದ್ದು ಹೋಗುತ್ತಿದ್ದರು.

ಆಟಿ ಕಳೆಯಿತು. ದಡಕ್ಕೆ ಹೊಯ್ಗೆ ಬಂತು. ಬಾಗಿಲಿಗೆ ಬರಲಿಲ್ಲ.

ಆಮೇಲೆ ಅವರಿಗೆ ಅದೊಂದೇ. ಬಿದ್ದ ಮನೆಗಳಿಗೆ ಗೋಡೆ ಕಟ್ಟಿ, ತೆಂಗಿನ ಮಡಲು ಹೊದಿಸಿ ಕೊಟ್ಟರು, ಊರವರೆಲ್ಲ ಸೇರಿ. ಸೀಳಿದ ಎರಡು ದೋಣಿಗಳ ಹಲಗೆ ಸೇರಿಸಿ ಒಂದು ದೋಣಿ ಮಾಡಿದರು. ಅಲ್ಲಿಗೆ ಉಳಿದವರು ಕೈ ತೊಳೆದರು. ಇವರು ಮಾತ್ರ ಬೆಳಿಗ್ಗೆ ಒಂದು ಬಿದಿರು ಗಳ ಹಿಡಿದು ಬಾಗಿಲಿಗೆ ಹೋಗುವುದು, ಗಳ ಊರುವುದು, ನೀರು ಎಲ್ಲಿಯವರೆಗೆ ಬಂತು ನೋಡುವುದು. ಸಂಜೆ ಮತ್ತೆ. ಸರಕಾರಕ್ಕೆ ಅರ್ಜಿ ಬರೆಸಿ ಕೊಟ್ಟರು. ಕೋಟು ಹಾಕಿದ ಒಬ್ಬರು ಬಂದು, ಮೂಗಿಗೆ ವಸ್ತ್ರ ಹಿಡಿದು ನೋಡಿ, ಇಲ್ಲಿ ತೆಂಗಿನ ಮರ ಎಷ್ಟುಂಟು ಎಂದು ಕೇಳಿ ಹೋದರು.

"ಮರಕ್ಕೆ ತೀರ್ವೆ ಹಾಕಲಿಕ್ಕೆ ಬಂದದ್ದು ಅದು" ಎಂದ ಮೈದುನ ಅಂಗಾರ. "ಅಣ್ಣ, ಇನ್ನೊಂದು ಅರ್ಜಿ ಕೊಟ್ರೆ ಬಾವಿಗೂ ಹಾಕಿಯಾರು. ಸಾಕು ಮಾರಾಯ."

ಇವರು ನಗಲಿಲ್ಲ. ಕಡವು ದಾಟಿ ಬಂದರಿಗೆ ಹೋಗಿ ಮೂಸಬ್ಬ ಬ್ಯಾರಿಯನ್ನು ಕಂಡರು. ಮೂಸಬ್ಬರದು ಒಣಮೀನಿನ ವ್ಯಾಪಾರ. ಎರಡು ಮಂಜಿ ಹಡಗು ಇದ್ದವು, ದ್ವೀಪಗಳಿಗೆ ಅಕ್ಕಿ, ಹಂಚು ಕೊಂಡುಹೋಗಿ ಕೊಬ್ಬರಿ, ತೆಂಗಿನ ನಾರಿನ ಕತ್ತದ ಹಗ್ಗ ತರುತ್ತಿದ್ದವು. ಹೊಳೆಯಲ್ಲಿ ಸಾಮಾನು ಸಾಗಿಸುವ ಸಣ್ಣ ಪಡಾವುಗಳೂ ಇದ್ದವು. ಹೊಳೆಯ ದಡದ ಹಂಚಿನ ಕಾರ್ಖಾನೆಗಳಲ್ಲಿ ಒಡೆದ ಹಂಚು ಗುಡ್ಡೆ ಬಿದ್ದಿರುತ್ತಿತ್ತು. ಬಾಗಿಲು ತುಂಬಿಸಲಿಕ್ಕೆ ಇವರಿಗೆ ಅದು ಬೇಕಿತ್ತು. ಅದು ಪುಕ್ಕಟೆ. ತರುವುದು ಮಾತ್ರ ಪುಕ್ಕಟೆ ಅಲ್ಲ.

ಅಂದು ಕುಕ್ಕೆ ಹೊತ್ತು ನಾನೂ ಇದ್ದೆ.

"ತಂಡೇಲರೇ, ಪಡಾವು ಕೊಡ್ತೇನೆ" ಎಂದರು ಮೂಸಬ್ಬ. "ಆದರೆ ನನ್ನ ಆಳುಗಳಿಗೆ ಹೊಟ್ಟೆ ಉಂಟಲ್ಲ. ನೀವು ಎಂತ ಕೊಡ್ತೀರಿ?"

"ಮೀನು."

"ಮೀನು ಎಲ್ಲರೂ ಕೊಡ್ತಾರೆ. ಎಷ್ಟು ದಿನ ಕೊಡ್ತೀರಿ ಹೇಳಿ."

"ಬಾಗಿಲು ಮುಚ್ಚುವವರೆಗೆ. ಆಮೇಲೆ ಅದು ಬೀಳದ ಹಾಗೆ ನೋಡಿಕೊಳ್ಳುವವರೆಗೆ."

ಮೂಸಬ್ಬ ನಕ್ಕರು. "ಅಂದರೆ ಕಡಲು ಇರುವವರೆಗೆ ಅಂತ ಆಯ್ತು. ಒಳ್ಳೆ ವ್ಯಾಪಾರ. ಮಕ್ಕಳಿಗೂ ಹೇಳಿ ಹೋಗ್ತೇನೆ."

ರಂಪಣಿಯಲ್ಲಿ ಮೀನು ಪಾಲು ಮಾಡುವುದಕ್ಕೆ ಕ್ರಮ ಉಂಟು. ಮೊದಲು ದೈವಕ್ಕೆ, ಆಮೇಲೆ ದೋಣಿಗೆ, ಆಮೇಲೆ ಬಲೆಯ ತುಂಡುಗಳಿಗೆ, ಕಡೆಗೆ ಹಗ್ಗ ಎಳೆದ ಕೈಗಳಿಗೆ. ಇವರು ದೈವದ ಪಾಲು ತೆಗೆದ ಕೂಡಲೇ ಇನ್ನೊಂದು ಕುಕ್ಕೆ ಇಟ್ಟರು. "ಇದು ದಿಬ್ಬದ ಪಾಲು" ಎಂದರು. ತಂಡೇಲನ ಮಾತು. ಯಾರೂ ಎದುರಾಡಲಿಲ್ಲ, ಮುಖ ಮಾತ್ರ ಹುಳಿ ಮಾಡಿದರು. ಬೂತಾಯಿ ಮೀನು ರಾಶಿ ಬಿದ್ದ ವರ್ಷ ಅದು. ಹಾಗಾಗಿ ನಡೆಯಿತು.

ಮೊದಲು ಒಡೆದ ಹಂಚನ್ನು ಸುಮ್ಮನೆ ಸುರಿದರು. ಒಂದು ಹುಣ್ಣಿಮೆಯ ಉಬ್ಬರ ಬಂದು ಅಷ್ಟನ್ನೂ ದಡದುದ್ದಕ್ಕೆ ಹರಡಿತು. ಅಪ್ಪಿಯಕ್ಕ, "ಬಾಗಿಲಿಗೆ ಹೊಸ್ತಿಲು ಹಾಕಿಸಿದ್ದು ಚಂದ ಆಯ್ತು" ಎಂದಳು. ಇವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಮೂಸಬ್ಬರಿಂದ ಕತ್ತದ ಹಗ್ಗದ ಸುರುಳಿ ಹೊತ್ತು ತಂದು ಅಂಗಳದಲ್ಲಿ ಕೂತು ಬಲೆ ಹೆಣೆಯಲು ಶುರು ಮಾಡಿದರು. ಕಣ್ಣು ಮೂರು ಬೆರಳು ಅಗಲ. ಚೀಲದ ಹಾಗೆ.

"ಯಾವ ಮೀನಿಗೆ ಇದು?" ಎಂದೆ.

"ಮೀನಿಗಲ್ಲ. ಹಂಚಿಗೆ. ಹಿಡಿದರೆ ಬಿಡಬಾರದು."

ಚೀಲದಲ್ಲಿ ಹಂಚು, ಕೆಂಪು ಮುರಕಲ್ಲಿನ ಚೂರು ತುಂಬಿ ಬಾಯಿ ಕಟ್ಟಿ ಸಾಲಾಗಿ ಇಟ್ಟರು. ಅದರ ಮೇಲೆ ಹೊಯ್ಗೆ. ಹೊಯ್ಗೆಯ ಮೇಲೆ ನಾನು ಬಂಗಡೆ ಬಳ್ಳಿಯ ತುಂಡು ನೆಟ್ಟೆ, ಅಂದು ಎಳೆದು ಹಾಕಿದ ಕೈಯಲ್ಲೇ. ಉಬ್ಬರ ಬಂತು, ಹೋಯಿತು. ಚೀಲಗಳು ಅಲ್ಲಾಡಲಿಲ್ಲ. ಇವರು ಅಂದು ಮೊದಲ ಸಲ ಎರಡು ಮೊಣಕಾಲನ್ನೂ ಮಡಚಿ ಕೂತು ಉಂಡರು. ನನಗೆ ನೆನಪುಂಟು. ಕಾಣೆ ಮೀನಿನ ಸಾರು.

ಸುಗ್ಗಿ ತಿಂಗಳ ಹೊತ್ತಿಗೆ ಬಾಗಿಲು ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಒಂದು ದಿನ ಹಂಚು ಹೊರುವಾಗ ಇವರ ಹಿಮ್ಮಡಿಗೆ ಚೂರು ಹೊಕ್ಕಿತು. ತೆಗೆದು ಬಿಸಾಡಿ, ಅರಸಿನ ಎಣ್ಣೆ ಹಚ್ಚಿ ಮತ್ತೆ ಹೋದರು. "ಒಂದು ದಿನ ಕೂರಿ ಮಾರಾಯ್ರೆ" ಎಂದೆ. "ಮಳೆ ಕೂರ್ತದಾ?" ಎಂದರು. ಗಾಯ ಮುಚ್ಚಿತು. ಎಂಟನೆಯ ದಿನ ಅನ್ನ ಅಗಿಯಲಿಕ್ಕೆ ಆಗುವುದಿಲ್ಲ ಎಂದರು. ಸಂಜೆಗೆ ಬಾಯಿ ಬಿಗಿಯಿತು. ಮರುದಿನ ಬೆನ್ನು ಬಿಲ್ಲಿನ ಹಾಗೆ ಬಾಗಿತು. ಕಡವು ದಾಟಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದೋಣಿಯಲ್ಲಿ ನನ್ನ ಕೈ ಹಿಡಿದಿದ್ದರು. ಬಹಳ ಗಟ್ಟಿ. ಮೂರು ದಿನ ಇದ್ದರು. ಮಾತು ಬರಲಿಲ್ಲ.

ಡಾಕ್ಟರು ನನಗೆ ಹೇಳಿದರು, "ಗಾಯದಲ್ಲಿ ಮಣ್ಣಿನ ನಂಜು ಹೋಗಿದೆ ಅಮ್ಮ. ಧನುರ್ವಾಯು." ನಾನು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಊರಲ್ಲಿ ಬೇರೆ ಮಾತು ಹುಟ್ಟಿತು. ಕಡಲನ್ನು ಕಟ್ಟಲಿಕ್ಕೆ ಹೋದ, ಕಡಲು ಬಾಯಿ ಕಟ್ಟಿತು. ಇವರ ಬೊಜ್ಜಕ್ಕೆ ಬಂದವರು ಅಂಗಳದಲ್ಲೇ ಹೇಳಿದರು. ಪಡಾವು ತಂದು ಹಾಕಿದ ಹಂಚು ಬಾಗಿಲ ಬದಿಯಲ್ಲಿ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ತಂಡೇಲ ಈಗ ಅಂಗಾರ. ಅವನು ದಿಬ್ಬದ ಪಾಲು ನಿಲ್ಲಿಸಿದ.

ಪಗ್ಗು ತಿಂಗಳು ಬಂತು. ಇನ್ನು ಒಂದೂವರೆ ತಿಂಗಳಿಗೆ ಮಳೆ. ಬಾಗಿಲು ಇನ್ನೂ ಎರಡು ದೋಣಿ ಅಗಲ ತೆರೆದಿತ್ತು. ಅರ್ಧ ಮುಚ್ಚಿದ ಬಾಗಿಲು ಪೂರ್ತಿ ತೆರೆದದ್ದಕ್ಕಿಂತ ಕೆಟ್ಟದು ಎಂದು ಇವರು ಹೇಳುತ್ತಿದ್ದರು. ನೀರು ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಎದುರಿಗೆ ಇರುವುದು ನಮ್ಮ ಮನೆ, ಅಪ್ಪಿಯಕ್ಕನ ಮನೆ, ಹೊಸತಾಗಿ ಕಟ್ಟಿದ ಏಳು ಮನೆ.

ನನಗೆ ಕೂರಲಿಕ್ಕೆ ಆಗಲಿಲ್ಲ. ಮೂಲೆಯಲ್ಲಿ ಕೂತರೆ ಒಂದು ಮೊಣಕಾಲು ತಾನೇ ಏಳುತ್ತಿತ್ತು. ಅಂಗಾರನನ್ನು ಕರೆದೆ.

"ಅಂಗಾರ, ಹಂಚು ತುಂಬಿಸು."

"ಅತ್ತಿಗೆ, ಬೇಡ. ಜನ ಬರುವುದಿಲ್ಲ. ಅಣ್ಣನಿಗೆ ಆದದ್ದು ನೋಡಿದ್ದಾರಲ್ಲ."

"ಅಣ್ಣನಿಗೆ ಎಂತ ಆಯ್ತು?"

ಅವನು ಕಡಲಿನ ಕಡೆ ನೋಡಿದ.

"ಹೇಳು. ನಾನು ಪಕ್ಕದಲ್ಲಿದ್ದೆ, ನನಗೆ ಗೊತ್ತುಂಟು. ಕಡಲು ಕೊಂದದ್ದಲ್ಲ. ಹಂಚು ಕೊಂದದ್ದು. ಕಾಲಿಗೆ ಒಂದು ಮೆಟ್ಟು ಇದ್ದಿದ್ದರೆ ಈಗ ಇಲ್ಲಿ ನಿಂತು ನಿನಗೆ ಬೈಯುತ್ತಿದ್ದರು."

"ಬಡವರ ಕಾಲಿಗೆ ಮೆಟ್ಟು ಎಲ್ಲಿಂದ ಬರ್ತದೆ ಅತ್ತಿಗೆ?"

ಮನೆಯೊಳಗೆ ಹೋದೆ. ಇವರು ಬಿಟ್ಟು ಹೋದ ಕತ್ತದ ಹಗ್ಗ ಮೂಲೆಯಲ್ಲಿತ್ತು. ಬಲೆ ಹೆಣೆಯಲಿಕ್ಕೆ ನನಗೂ ಬರುತ್ತದೆ. ಹಗ್ಗವನ್ನು ದಪ್ಪ ಜಡೆ ಹೆಣೆದೆ, ಸುತ್ತಿ ಹೊಲಿದೆ, ಕೆಳಗೆ ಅಡಿಕೆಯ ಹಾಳೆ ಮೂರು ಪದರ ಇಟ್ಟೆ. ಒಂದು ಜೊತೆ ಆಯಿತು. ಹಾಕಿಕೊಂಡು ಹೋಗಿ ಹಂಚಿನ ರಾಶಿಯ ಮೇಲೆ ನಡೆದೆ. ಆಚೆ ತುದಿಗೆ ಹೋಗಿ ಈಚೆ ಬಂದೆ. ಮಕ್ಕಳು ನಕ್ಕರು. ಗಂಡಸರು ದೂರ ನಿಂತು ನೋಡಿದರು. ಗಂಡ ಸತ್ತು ತಿಂಗಳಾಗಿಲ್ಲ, ಕಡಲ ಬದಿಯಲ್ಲಿ ಕುಣಿಯುತ್ತಾಳೆ ಎಂದು ಯಾರೋ ಹೇಳಿದರು. ಹೇಳಲಿ. ಕಾಲು ಎತ್ತಿ ಹಿಮ್ಮಡಿ ತೋರಿಸಿದೆ. ರಕ್ತ ಇರಲಿಲ್ಲ.

ಹಗ್ಗ ಬೇಕು, ಪಡಾವು ಬೇಕು. ರಂಪಣಿಯ ಕಾಲ ಮುಗಿದಿತ್ತು, ಸಣ್ಣ ದೋಣಿಗಳು ಮಾತ್ರ ಹೋಗುತ್ತಿದ್ದವು. ಗಂಡಸರು ಪಾಲು ಕೊಡುವುದಿಲ್ಲ. ಆದರೆ ಮೀನು ಯಾರು ಹಿಡಿದರೂ ಹೊಳೆ ದಾಟುವುದು ಹೆಂಗಸರ ತಲೆಯ ಮೇಲೆ. ಎಲ್ಲ ಕುಕ್ಕೆಯೂ ಕಡವಿಗೆ ಬರಲೇಬೇಕು. ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಡವಿನ ಬಾಯಿಯಲ್ಲಿ ಖಾಲಿ ಕುಕ್ಕೆ ಇಟ್ಟು ಕೂತೆ.

"ಒಂದು ಕುಕ್ಕೆಗೆ ಒಂದು ಹಿಡಿ ಮೀನು. ದಿಬ್ಬಕ್ಕೆ."

"ದೇಯಿ, ನಿನಗೆ ತಲೆ ಸರಿ ಉಂಟಾ?" ಎಂದಳು ಒಬ್ಬಳು.

"ತಲೆ ಇಲ್ಲ. ಮಳೆ ಬರ್ತದೆ. ಹಾಕು."

"ನಾಳೆ ಹಾಕ್ತೇನೆ."

"ನಾಳೆ ನಾಳೆಯದ್ದು. ಇವತ್ತಿನದ್ದು ಇವತ್ತು."

ಮೊದಲ ದಿನ ಐದು ಜನ ಹಾಕಿದರು. ಅದರಲ್ಲಿ ಎರಡು ಹಿಡಿ ಬೆಕ್ಕೂ ಮೂಸದ ಮೀನು. ಹಾಗೆಯೇ ಮೂಸಬ್ಬರಿಗೆ ಕೊಂಡುಹೋಗಿ ಕೊಟ್ಟೆ. ಅವರು ಕುಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು.

"ತಂಡೇಲರು ಕಡಲು ಇರುವವರೆಗೆ ಅಂತ ಹೇಳಿದ್ದರು. ಇಷ್ಟು ಬೇಗ ಅವರ ಬದಲಿಗೆ ನೀವು ಬರಬೇಕಾದೀತು ಅಂತ ನೆನೆಸಿರಲಿಲ್ಲ, ದೇಯಕ್ಕ" ಎಂದರು. ಮತ್ತೆ, "ಪಡಾವು ನಾಳೆ ಬರ್ತದೆ. ಹಗ್ಗ ಈಗಲೇ ತೆಗೆದುಕೊಂಡು ಹೋಗಿ. ಮೀನು ಮಾತ್ರ ಇನ್ನು ಸ್ವಲ್ಪ ಬದುಕಿರುವಾಗ ತನ್ನಿ" ಎಂದರು.

ಸಂಜೆ ಎಲ್ಲ ಮೆಟ್ಟು ಹೆಣೆದೆ. ಬೆರಳು ಸೀಳಿತು. ಇಪ್ಪತ್ತು ಜೊತೆ ಮಾಡಿ ಅಂಗಾರನ ಜಗಲಿಯಲ್ಲಿ ಸಾಲಾಗಿ ಇಟ್ಟು ಬಂದೆ. ಮಾತಾಡಲಿಲ್ಲ. ಮಾತಾಡಿದರೆ ಬೈಯುತ್ತಿದ್ದೆ. ಎರಡು ದಿನ ಮೆಟ್ಟು ಅಲ್ಲೇ ಇತ್ತು. ಮೂರನೆಯ ದಿನ ಒಂದು ಜೊತೆ ಇರಲಿಲ್ಲ. ಬಾಗಿಲಿಗೆ ಹೋಗಿ ನೋಡಿದೆ. ಅಂಗಾರ ಒಬ್ಬನೇ ಚೀಲಕ್ಕೆ ಹಂಚು ತುಂಬುತ್ತಿದ್ದ. ನನ್ನನ್ನು ಕಂಡು, "ಎಡಗಾಲಿನದ್ದು ಸ್ವಲ್ಪ ಬಿಗಿ ಉಂಟು ಅತ್ತಿಗೆ" ಎಂದ.

ಆಮೇಲೆ ಒಬ್ಬೊಬ್ಬರೇ ಬಂದರು.

ಅಪ್ಪಿಯಕ್ಕ ಮಾತ್ರ ಕಡವಿನಲ್ಲಿ ನನ್ನ ಕುಕ್ಕೆ ದಾಟಿಯೇ ಹೋಗುತ್ತಿದ್ದಳು. ಹದಿನೈದು ದಿನ ಹಾಗೆ. ಒಂದು ದಿನ ನಿಂತಳು. ತಲೆಯ ಮೇಲೆ ಬಂಗುಡೆ ತುಂಬಿದ ಕುಕ್ಕೆ.

"ದೇಯಿ, ಮುಚ್ಚಿದ ಮೇಲೆ ಅದಕ್ಕೆ ಎಂತ ಹೇಳ್ತೀರಿ? ಗಿರಿಯಪ್ಪನ ದಿಬ್ಬ ಅಂತಲಾ? ಕಡಿದವನೂ ಅವನೇ, ಕಟ್ಟಿದವನೂ ಅವನೇ, ಹೆಸರೂ ಅವನದ್ದೇ. ನನ್ನ ಗಂಡನ ಹೆಸರು ಯಾರು ಹೇಳ್ತಾರೆ?"

ದೋಣಿಯವನು ಜಲ್ಲಿನ ಗಳ ಊರಿ ನಿಂತ.

"ಹೆಸರು ಬೇಡ" ಎಂದೆ. "ದಿಬ್ಬಕ್ಕೆ ಹೆಸರು ಯಾಕೆ? ಮೊದಲು ಇದ್ದದ್ದಕ್ಕೆ ಇತ್ತಾ?"

ಅವಳು ಕುಕ್ಕೆ ಇಳಿಸಲಿಲ್ಲ. ದೋಣಿ ಹತ್ತಿ ಹೋದಳು. ಅಂದೂ ಹಾಕಲಿಲ್ಲ.

ಬೇಶ ತಿಂಗಳ ನಡುವಿಗೆ ಬಾಗಿಲು ಮುಚ್ಚಿತು. ಕೊನೆಯ ಚೀಲದ ಬಾಯಿಯನ್ನು ನಾನು ಕಟ್ಟಿದೆ. ಎರಡು ದಿನಕ್ಕೆ ಮಳೆ ಹಿಡಿಯಿತು. ಬಳ್ಳಿ ಬೇರು ಬಿಡಲಿಕ್ಕೆ ಹೊತ್ತು ಸಿಗಲಿಲ್ಲ.

ಆ ಕಾರ್ತೆಲಿನಲ್ಲಿ ನಾನು ಒಲೆ ಹತ್ತಿಸಲೇ ಇಲ್ಲ ಎನ್ನಬೇಕು. ಹತ್ತಿಸುವುದು, ಬಾಗಿಲಿಗೆ ಓಡುವುದು, ಬರುವಾಗ ಬೆಂಕಿ ಆರಿರುವುದು. ಗಾಳಿ ಹಿಂದಿನ ವರ್ಷದ ಹಾಗೆಯೇ ಎದ್ದಿತು. ನೀರು ದಿಬ್ಬಕ್ಕೆ ಬಡಿಯಿತು. ಹೊಯ್ಗೆ ಹೋಯಿತು. ಬಳ್ಳಿ ಹೋಯಿತು. ಚೀಲಗಳು ಬೆತ್ತಲಾಗಿ ಕಂಡವು, ಕೆಂಪಗೆ. ಮುಂದಿನ ಸಾಲು ಕುಸಿದು ಮೊಣಕಾಲಿನಷ್ಟು ಕೆಳಗೆ ಹೋಯಿತು. ಹಿಂದಿನ ಸಾಲು ನಿಂತಿತು. ಒಂದೆರಡು ಅಲೆ ಮೇಲಿಂದ ಹಾರಿ ಅಂಗಳದವರೆಗೆ ಬಂದು, ಅಲ್ಲೇ ಹೊಯ್ಗೆಯಲ್ಲಿ ಇಂಗಿತು. ಮನೆ ಬೀಳಲಿಲ್ಲ.

ಗಾಳಿ ನಿಂತ ಮರುದಿನ ಬೆಳಿಗ್ಗೆ ಬಾವಿಕಟ್ಟೆಗೆ ಹೋದೆ. ಅಪ್ಪಿಯಕ್ಕ ನನಗಿಂತ ಮೊದಲೇ ಬಂದಿದ್ದಳು. ಕೊಡಪಾನ ಎಳೆದು, ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿ, ಬಾಯಿಯೊಳಗೇ ತಿರುಗಿಸಿದಳು. ನಾನು ಕಾದೆ. ಅವಳು ನುಂಗಿದಳು.

"ಉಪ್ಪಿಲ್ಲ" ಎಂದಳು.

ನಾನು ಕಟ್ಟೆ ಹಿಡಿದು ನಿಂತೆ. ಇವರು ಸತ್ತ ಮೇಲೆ ಆ ಹೊತ್ತಿನವರೆಗೆ ನನಗೆ ಅಳು ಬಂದಿರಲಿಲ್ಲ. ಅಂದು ಬಂತು. ಅಪ್ಪಿಯಕ್ಕ ಸಮಾಧಾನ ಮಾಡಲಿಲ್ಲ. ಕೊಡಪಾನ ತುಂಬಿಸಿ ಸೊಂಟಕ್ಕೆ ಏರಿಸಿದಳು.

"ಆಟಿ ಮುಗಿದ ಮೇಲೆ ಕಡವಿನಲ್ಲಿ ಮತ್ತೆ ಕೂರ್ತೀಯಾ?"

"ಕೂರ್ತೇನೆ. ಮುಂದಿನ ಸಾಲು ಹೋಗಿದೆ. ಮತ್ತೆ ಹಾಕಬೇಕು."

"ಎಲ್ಲಿಯವರೆಗೆ ಕೂರುವುದು?"

"ಗೊತ್ತಿಲ್ಲ."

"ಕುಕ್ಕೆ ಸ್ವಲ್ಪ ದೊಡ್ಡದು ತೆಗೆದುಕೊಂಡು ಬಾ" ಎಂದು ಹೋದಳು.

ಈಗ ಆರು ವರ್ಷ ಆಯಿತು. ಯುದ್ಧ ಬಂದು ಹಗ್ಗ ತುಟ್ಟಿಯಾಯಿತು. ಮೂಸಬ್ಬರು ತೀರಿಹೋದರು, ಅವರ ಮಗ ಪಡಾವು ಕಳಿಸುತ್ತಾನೆ. ಅಂಗಾರ ಪುನಃ ರಂಪಣಿಯಲ್ಲಿ ದೈವದ ಪಾಲಿನ ಪಕ್ಕ ದಿಬ್ಬದ ಪಾಲು ಇಡುತ್ತಾನೆ. ಕಡವಿನಲ್ಲಿ ನನ್ನ ಕುಕ್ಕೆ ಉಂಟು. ಅಪ್ಪಿಯಕ್ಕ ಹಾಕುತ್ತಾಳೆ, ಮುಖ ಆಚೆ ತಿರುಗಿಸಿ ಹಾಕುತ್ತಾಳೆ. ಪ್ರತಿ ಮಳೆಗೂ ಒಂದಿಷ್ಟು ಹೋಗುತ್ತದೆ. ಪ್ರತಿ ಸುಗ್ಗಿಗೂ ಒಂದಿಷ್ಟು ಕಟ್ಟುತ್ತೇವೆ. ಮಕ್ಕಳು ಈಗಲೂ ಆ ಜಾಗಕ್ಕೆ ಗಿರಿಯಪ್ಪನ ಬಾಗಿಲು ಎನ್ನುತ್ತಾರೆ. ಎಲ್ಲಿ ಬಾಗಿಲು ಎಂದು ಅವರಿಗೆ ಗೊತ್ತಿಲ್ಲ. ಬಳ್ಳಿ ಹಬ್ಬಿದೆ.

ಅವರ ಬಿದಿರು ಗಳ ನನ್ನ ಹತ್ತಿರ ಉಂಟು. ಬೆಳಿಗ್ಗೆ ಹೋಗಿ ಊರಿ ನೋಡುತ್ತೇನೆ. ಇವತ್ತು ತೆಂಕು ತುದಿಯಲ್ಲಿ ಒಂದು ಚೀಲದ ಹಗ್ಗ ಕೊಳೆತು ಬಾಯಿ ಬಿಟ್ಟಿದೆ, ಹಂಚು ಹೊರಗೆ ಬಂದಿದೆ. ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ಎದ್ದು ನೋಡಿ ಬಂದೆ. ಉಬ್ಬರ ಬರುವ ಮೊದಲು ಹೆಣೆಯಬೇಕು. ಹೋಗುತ್ತೇನೆ.